ರೋಮ್‌ನಿಂದ ಮಿಲಾನ್‌ವರೆಗೆ ಉಂಡ ರುಚಿಯನ್ನು ಮನೆಯ ಒಲೆಗೆ ತರುವ ಬಗೆ

ರೋಮ್ ನಗರದ ಟೆಸ್ಟಾಚ್ಚೊ ಬಡಾವಣೆಯ ಒಂದು ಸಣ್ಣ ಊಟದ ಮನೆಯಲ್ಲಿ ಅಕ್ಟೋಬರ್ ತಿಂಗಳ ಮಧ್ಯಾಹ್ನ ನನ್ನ ಮುಂದೆ ಇಟ್ಟ ತಟ್ಟೆಯಲ್ಲಿ ಇದ್ದದ್ದು ಮೂರೇ ಪದಾರ್ಥ: ಪಾಸ್ತಾ, ಕುರಿಹಾಲಿನ ಚೀಸ್ ಮತ್ತು ಕರಿಮೆಣಸು. ಬೆಣ್ಣೆ, ಕೆನೆ, ಬೆಳ್ಳುಳ್ಳಿ ಯಾವುದೂ ಇರಲಿಲ್ಲ. ಆದರೂ ಎಳೆಎಳೆಗೂ ನಯವಾದ ಸಾರವೊಂದು ಅಂಟಿಕೊಂಡಿತ್ತು, ತಟ್ಟೆಯ ತಳದಲ್ಲಿ ಎಣ್ಣೆಯೂ ನೀರೂ ಒಡೆದು ನಿಂತಿರಲಿಲ್ಲ. ಬೆಂಗಳೂರಿಗೆ ಮರಳಿದ ವಾರದಲ್ಲೇ, ಅಲ್ಲಿಂದಲೇ ತಂದ ಚೀಸಿನಲ್ಲಿ ಅದನ್ನು ಮಾಡಲು ಹೊರಟೆ. ಬಿಸಿ ಬಾಣಲೆಗೆ ಬಿದ್ದ ಚೀಸ್ ಒಂದೇ ನಿಮಿಷದಲ್ಲಿ ರಬ್ಬರಿನಂಥ ಉಂಡೆಯಾಗಿ ಸೌಟಿಗೆ ಸುತ್ತಿಕೊಂಡಿತು, ಪಾಸ್ತಾ ಬರಿಯ ಉಪ್ಪುನೀರಿನಲ್ಲಿ ಉಳಿಯಿತು. ಪದಾರ್ಥ ಅಲ್ಲಿಯದೇ ಆಗಿದ್ದರೂ ಅಡುಗೆ ಅಲ್ಲಿಯದಾಗಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಮತ್ತೆಮತ್ತೆ ಮಾಡಿ ನೋಡಿದಾಗ ನನಗೆ ಖಚಿತವಾದ ವಿಷಯವೆಂದರೆ, ಪ್ರವಾಸದಲ್ಲಿ ನಾವು ನೆನಪಿಟ್ಟುಕೊಂಡು ಬರುವುದು ರುಚಿಯನ್ನಾದರೂ, ಮನೆಯಲ್ಲಿ ಮರಳಿ ಕಟ್ಟಬೇಕಾದದ್ದು ಅಡುಗೆಮನೆಯ ಒಳಗೆ ನಡೆದ, ನಮ್ಮ ಕಣ್ಣಿಗೆ ಬೀಳದ ಮೂರು ಸಂಗತಿಗಳನ್ನು: ಕಾವು, ಗಂಜಿ ಮತ್ತು ಕೈಯ ಹದ.

ಈ ಬರಹದಲ್ಲಿ ನಾಲ್ಕು ಊರುಗಳ ನಾಲ್ಕು ಅಡುಗೆಗಳನ್ನು ತೆಗೆದುಕೊಂಡಿದ್ದೇನೆ. ರೋಮ್‌ನ ಕಾಚೊ ಎ ಪೆಪೆ, ಬಾರಿಯ ಒರೆಕಿಯೆಟ್ಟೆ ಎಂಬ ಪಾಸ್ತಾ, ಬೆಸಿಲ್ ಎಲೆಯನ್ನು ಅರೆದು ಮಾಡುವ, ಚಟ್ನಿಯಂಥ ಜೆನೋವಾದ ಪೆಸ್ಟೊ ಮತ್ತು ಮಿಲಾನ್‌ನ ಕೇಸರಿ ರಿಸೊಟ್ಟೊ, ಅಂದರೆ ಕೆನೆಯಂತೆ ಬೇಯಿಸಿದ ಅನ್ನ. ‘ಇಟಲಿಯ ಅಡುಗೆ’ ಎಂಬ ಒಂದೇ ಅಡುಗೆ ಆ ದೇಶದಲ್ಲಿ ಇಲ್ಲ. ಉತ್ತರದ ಮಿಲಾನ್‌ನಲ್ಲಿ ಬೆಣ್ಣೆ ಮತ್ತು ಅಕ್ಕಿ, ದಕ್ಷಿಣದ ಬಾರಿಯಲ್ಲಿ ಆಲಿವ್ ಎಣ್ಣೆ ಮತ್ತು ಗೋಧಿ. ಮಂಗಳೂರಿನ ಅಡುಗೆಯನ್ನೂ ವಿಜಯಪುರದ ಅಡುಗೆಯನ್ನೂ ಒಂದೇ ಹೆಸರಿನಿಂದ ಕರೆದರೆ ಹೇಗೋ ಹಾಗೆ. ಆದ್ದರಿಂದ ನೀವು ಮರಳಿ ಪಡೆಯಬೇಕೆಂದಿರುವ ರುಚಿ ಯಾವ ಊರಿನದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ನೆನಪು ಮಾಸುವ ಮುನ್ನ, ಉಂಡದ್ದು ತೆಳುವಾಗಿತ್ತೋ ಗಟ್ಟಿಯಾಗಿತ್ತೋ, ಹಲ್ಲಿಗೆ ಹೇಗೆ ಸಿಕ್ಕಿತು, ಯಾವ ವಾಸನೆ ಮೊದಲು ಬಂತು, ಉಪ್ಪು ಎಷ್ಟಿತ್ತು ಎಂದು ನಾಲ್ಕು ಸಾಲು ಬರೆದಿಡಿ. ಛಾಯಾಚಿತ್ರಕ್ಕಿಂತ ಈ ನಾಲ್ಕು ಸಾಲುಗಳೇ ಒಲೆಯ ಮುಂದೆ ಹೆಚ್ಚು ನೆರವಾಗುತ್ತವೆ.

ಅಂಗಡಿಗೆ ಹೋಗುವ ಮುನ್ನ

ಒಣ ಪಾಸ್ತಾ ಕೊಳ್ಳುವಾಗ ಹೊದಿಕೆಯ ಮೇಲೆ ‘ಡ್ಯೂರಮ್ ಗೋಧಿಯ ರವೆ’ ಎಂದಿದೆಯೇ ನೋಡಿ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನೇ ಆಯಿತು. ಮೈದಾ ಬೆರೆತ ಪಾಸ್ತಾ ಹೊರಗೆ ಬೇಗ ಅಂಟಾಗುತ್ತದೆ, ಒಳಗೆ ಗಟ್ಟಿತನವನ್ನು ಉಳಿಸಿಕೊಳ್ಳುವುದಿಲ್ಲ. ‘ಕಂಚಿನ ಅಚ್ಚಿನಿಂದ ಒತ್ತಿದ್ದು’ ಎಂಬ ಅರ್ಥದ ‘ಟ್ರಾಫಿಲಾತಾ ಅಲ್ ಬ್ರೊಂಜೊ’ ಎಂಬ ಮಾತು ಹೊದಿಕೆಯ ಮೇಲಿದ್ದರೆ ಇನ್ನೂ ಒಳ್ಳೆಯದು. ಅಂಥ ಪಾಸ್ತಾದ ಮೈ ಬೆರಳಿಗೆ ಸ್ವಲ್ಪ ಒರಟಾಗಿ, ಹಿಟ್ಟು ಸವರಿದಂತೆ ಕಾಣುತ್ತದೆ. ಆ ಒರಟುತನವೇ ಸಾರನ್ನು ಹಿಡಿದುಕೊಳ್ಳುತ್ತದೆ.

ಚೀಸಿನ ವಿಷಯದಲ್ಲಿ ಸಸ್ಯಾಹಾರಿಗಳು ತಿಳಿದಿರಲೇಬೇಕಾದ ಒಂದು ಸಂಗತಿಯಿದೆ. ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ, ಕುರಿಹಾಲಿನ ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್‌ನಿಂದ. ಅಲ್ಲಿ ‘ಮಾಂಸವಿಲ್ಲ’ ಎಂದು ಹೇಳಿ ಬಡಿಸುವ ತಟ್ಟೆಯಲ್ಲೂ ಇದು ಇರುತ್ತದೆ. ಇದನ್ನು ಒಪ್ಪದವರು ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸಿದ ಗಟ್ಟಿ ಚೀಸನ್ನು, ಹಸಿರು ಚುಕ್ಕೆ ನೋಡಿ ಕೊಳ್ಳಬಹುದು. ರುಚಿ ಸ್ವಲ್ಪ ಬೇರೆಯಾಗುತ್ತದೆ, ಆದರೆ ಇಲ್ಲಿ ಹೇಳುವ ಕ್ರಮವೆಲ್ಲ ಹಾಗೆಯೇ ನಡೆಯುತ್ತದೆ. ತುರಿದು ಡಬ್ಬಿಯಲ್ಲಿ ತುಂಬಿದ ಚೀಸನ್ನು ಮಾತ್ರ ಯಾರೂ ಕೊಳ್ಳಬೇಡಿ. ಅದು ಒಣಗಿರುತ್ತದೆ, ಗಂಟುಕಟ್ಟದಿರಲೆಂದು ಬೇರೆ ಪುಡಿಗಳನ್ನೂ ಅದಕ್ಕೆ ಬೆರೆಸಿರುತ್ತಾರೆ.

ನೀರು ಮತ್ತು ಉಪ್ಪಿನ ಲೆಕ್ಕ ಸರಳ. 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, ಅದಕ್ಕೆ 10 ಗ್ರಾಂ ಉಪ್ಪು. ಉಪ್ಪನ್ನು ಅಂದಾಜಿನಲ್ಲಿ ಹಾಕದೆ ತೂಗಿ ಹಾಕಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ, ಹಾಗಾಗಿ ಹೊದಿಕೆಯ ಮೇಲೆ 10 ನಿಮಿಷ ಎಂದಿದ್ದರೆ ಒಂದು ನಿಮಿಷ ಹೆಚ್ಚೇ ಬೇಕಾಗಬಹುದು. ಮಡಿಕೇರಿಯವರಿಗೆ ಇನ್ನೂ ಸ್ವಲ್ಪ ಹೆಚ್ಚು, ಮಂಗಳೂರಿನವರಿಗೆ ಹೊದಿಕೆಯ ಲೆಕ್ಕವೇ ಸಾಕು. ಗಡಿಯಾರಕ್ಕಿಂತ ಹಲ್ಲನ್ನು ನಂಬಿ: ಎಳೆಯನ್ನು ಕಚ್ಚಿ ನೋಡಿದಾಗ ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಉಳಿದಿದ್ದರೆ ಅದನ್ನು ನೀರಿನಿಂದ ತೆಗೆಯುವ ಹೊತ್ತು.

ಕಾಚೊ ಎ ಪೆಪೆ

ಹೆಸರಿನ ಅರ್ಥ ‘ಚೀಸ್ ಮತ್ತು ಮೆಣಸು’ ಎಂದಷ್ಟೆ. ಮೆಣಸಿನ ಮಟ್ಟಿಗೆ ನಾವು ಪರಕೀಯರಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಪಶ್ಚಿಮಘಟ್ಟದ ಮೆಣಸು ಈಗಿನ ಕೇರಳದ ಕರಾವಳಿಯಲ್ಲಿದ್ದ ಮುಜಿರಿಸ್ ಬಂದರಿನಿಂದ ಹಡಗೇರಿ ಕೆಂಪು ಸಮುದ್ರವನ್ನು ಹಾದು ರೋಮ್ ಸೇರುತ್ತಿತ್ತು. ಡೊಮಿಷಿಯನ್ ಚಕ್ರವರ್ತಿಯ ಕಾಲದಲ್ಲಿ ಮೆಣಸಿನ ದಾಸ್ತಾನಿಗೆಂದೇ ‘ಹೊರಿಯಾ ಪಿಪೆರಾಟಾರಿಯಾ’ ಎಂಬ ಉಗ್ರಾಣಗಳನ್ನು ಆ ನಗರದ ನಡುಮಧ್ಯದಲ್ಲಿ ಕಟ್ಟಿದ್ದರು. ಸಂಸ್ಕೃತದಲ್ಲಿ ಮೆಣಸಿಗೆ ‘ಯವನಪ್ರಿಯ’, ಅಂದರೆ ಗ್ರೀಕರಿಗೂ ರೋಮನ್ನರಿಗೂ ಪ್ರಿಯವಾದದ್ದು, ಎಂಬ ಹೆಸರೇ ಇದೆ. ಹೀಗಾಗಿ ಈ ಅಡುಗೆಗೆ ಶಿರಸಿಯದೋ ಕೊಡಗಿನದೋ ಒಳ್ಳೆಯ ಮೆಣಸನ್ನು ಬಳಸುವುದು ರಾಜಿಯಲ್ಲ. ನಿಜ ಹೇಳಬೇಕೆಂದರೆ ನಾನು ರೋಮ್‌ನಲ್ಲಿ ಉಂಡ ತಟ್ಟೆಗಿಂತ ಮನೆಯ ತಟ್ಟೆ ಉತ್ತಮವಾದದ್ದು ಈ ಒಂದು ವಿಷಯದಲ್ಲಿ.

ಇಬ್ಬರಿಗೆ 200 ಗ್ರಾಂ ಸ್ಪಗೆಟ್ಟಿ ಅಥವಾ ಟೊನ್ನಾರೆಲ್ಲಿ ಎಂಬ ಚೌಕ ಎಳೆಯ ಪಾಸ್ತಾ, 130 ಗ್ರಾಂ ಪೆಕೊರಿನೊ ರೊಮಾನೊ, ಒಂದೂವರೆ ಚಮಚ ಕರಿಮೆಣಸು, 3 ಗ್ರಾಂ ಕಾರ್ನ್‌ಫ್ಲೋರ್ ಬೇಕು. ಕಾರ್ನ್‌ಫ್ಲೋರ್ ರೋಮ್‌ನ ಸಂಪ್ರದಾಯದಲ್ಲಿಲ್ಲ. ಅಲ್ಲಿನ ಊಟದ ಮನೆಗಳಲ್ಲಿ ಬೆಳಗಿನಿಂದ ಒಂದೇ ನೀರಿನಲ್ಲಿ ಪಾಸ್ತಾ ಬೇಯುತ್ತಿರುವುದರಿಂದ ಮಧ್ಯಾಹ್ನದ ಹೊತ್ತಿಗೆ ಆ ನೀರು ಅನ್ನ ಬಸಿದ ಗಂಜಿಯಂತೆ ದಪ್ಪಗಿರುತ್ತದೆ, ಆ ಗಂಜಿಯೇ ಚೀಸನ್ನು ಒಡೆಯದಂತೆ ಹಿಡಿಯುತ್ತದೆ. ಮನೆಯಲ್ಲಿ ಒಮ್ಮೆ ಬೇಯಿಸಿದ ನೀರಿನಲ್ಲಿ ಅಷ್ಟು ಗಂಜಿ ಇರುವುದಿಲ್ಲ. ನನ್ನ ಮೊದಲ ಪ್ರಯತ್ನ ಸೋತದ್ದು ಇಲ್ಲಿಯೇ. 2025ರಲ್ಲಿ ಭೌತವಿಜ್ಞಾನಿಗಳ ಗುಂಪೊಂದು ಇದನ್ನೇ ಪರೀಕ್ಷಿಸಿ ‘ಫಿಸಿಕ್ಸ್ ಆಫ್ ಫ್ಲೂಯಿಡ್ಸ್’ ನಿಯತಕಾಲಿಕದಲ್ಲಿ ಪ್ರಕಟಿಸಿತು. ಚೀಸಿನ ತೂಕದ ನೂರಕ್ಕೆ ಎರಡರಿಂದ ಮೂರು ಪಾಲು ಪಿಷ್ಟವಿದ್ದರೆ ಸಾರು ನಯವಾಗಿ ನಿಲ್ಲುತ್ತದೆ, ಒಂದಕ್ಕಿಂತ ಕಡಿಮೆಯಾದರೆ ಗಂಟುಗಂಟಾಗುತ್ತದೆ ಎಂಬುದು ಅವರು ಕಂಡುಕೊಂಡ ಲೆಕ್ಕ.

ಮೊದಲು ಕಾರ್ನ್‌ಫ್ಲೋರನ್ನು 35 ಮಿಲಿ ಲೀಟರ್ ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಬಿಳಿಯ ನೀರು ಮಂದವಾಗಿ ಅರೆಪಾರದರ್ಶಕವಾದೊಡನೆ ಇಳಿಸಿ ಪೂರ್ತಿ ಆರಲು ಬಿಡಿ. ಪೆಕೊರಿನೊವನ್ನು ಅತಿ ಸಣ್ಣ ರಂಧ್ರದ ತುರಿಮಣೆಯಲ್ಲಿ, ಹಿಟ್ಟಿನಷ್ಟು ನುಣ್ಣಗೆ ತುರಿಯಿರಿ. ಆರಿದ ಗಂಜಿಯನ್ನು ಅದಕ್ಕೆ ಸೇರಿಸಿ, ತಣ್ಣೀರನ್ನು ಚಮಚ ಚಮಚವಾಗಿ ಹಾಕುತ್ತ, ದೋಸೆಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ. ಮೆಣಸನ್ನು ಒಣ ಬಾಣಲೆಯಲ್ಲಿ, ವಾಸನೆ ಮೂಗಿಗೆ ಬರುವವರೆಗೆ, ಸುಮಾರು ಒಂದು ನಿಮಿಷ ಹುರಿದು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಪುಡಿ ಮಾಡಿದರೆ ಖಾರ ಮಾತ್ರ ಉಳಿದು ಪರಿಮಳ ಹೋಗುತ್ತದೆ.

ಪೆಕೊರಿನೊ ತುಂಬ ಉಪ್ಪಾದ ಚೀಸ್. ಆದುದರಿಂದ ಈ ಒಂದು ಅಡುಗೆಗೆ ಒಂದೂವರೆ ಲೀಟರ್ ನೀರಿಗೆ 10 ಗ್ರಾಂ ಉಪ್ಪು ಸಾಕು. ನೀರು ಕಡಿಮೆ ಇರುವುದೂ ಒಳ್ಳೆಯದೇ, ಗಂಜಿ ದಪ್ಪವಾಗುತ್ತದೆ. ಪಾಸ್ತಾ ಬೇಯುತ್ತಿರುವಾಗ ಅದರ ನೀರನ್ನು ಒಂದು ಸೌಟು ತೆಗೆದು ಮೆಣಸಿನ ಬಾಣಲೆಗೆ ಹಾಕಿ ಕುದಿಸಿ. ಪಾಸ್ತಾ ಇನ್ನೂ ಎರಡು ನಿಮಿಷ ಬೇಯಬೇಕು ಎನ್ನುವಾಗ ಅದನ್ನು ಬಾಣಲೆಗೆ ವರ್ಗಾಯಿಸಿ, ಮೆಣಸಿನ ನೀರಿನಲ್ಲೇ ತಿರುವುತ್ತ ಬೇಯಿಸಿ.

ಈಗ ಬರುವುದು ಎಲ್ಲವನ್ನೂ ನಿರ್ಧರಿಸುವ ಗಳಿಗೆ. ಒಲೆಯನ್ನು ಆರಿಸಿ, ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿ, ಪೂರ್ತಿ ಒಂದು ನಿಮಿಷ ಕಾಯಿರಿ. ಸುಮಾರು 65 ಡಿಗ್ರಿ ದಾಟಿದರೆ ಚೀಸಿನ ಪ್ರೋಟೀನ್ ಬಿಗಿದುಕೊಂಡು ಗಂಟಾಗುವ ಅಪಾಯ ಹೆಚ್ಚು. ಬಾಣಲೆಯ ಕುದಿ ಪೂರ್ತಿ ನಿಂತು, ಎಳೆಗಳಿಂದ ಏಳುವ ಹಬೆ ತೆಳುವಾದಾಗ ಚೀಸಿನ ಹಿಟ್ಟನ್ನು ಸುರಿಯಿರಿ. ಒಂದು ಕೈಯಲ್ಲಿ ಬಾಣಲೆಯನ್ನು ಕುಲುಕುತ್ತ, ಇನ್ನೊಂದು ಕೈಯಲ್ಲಿ ಚಿಮಟದಿಂದ ಪಾಸ್ತಾವನ್ನು ಸುತ್ತುತ್ತ ಹೋದರೆ ಮೊದಲು ನೀರುನೀರಾಗಿ ಕಾಣುವ ಸಾರು ಅರ್ಧ ನಿಮಿಷದಲ್ಲಿ ಹೊಳಪು ಪಡೆದು ಎಳೆಗಳನ್ನು ಹೊದೆಯುತ್ತದೆ. ಗಟ್ಟಿಯೆನಿಸಿದರೆ ಒಂದೆರಡು ಚಮಚ ಗಂಜಿನೀರು ಹಾಕಿ, ಮರಳಿ ಒಲೆಯ ಮೇಲೆ ಮಾತ್ರ ಇಡಬೇಡಿ. ಬೆಚ್ಚಗಿನ ತಟ್ಟೆಯಲ್ಲಿ ಕೂಡಲೇ ಬಡಿಸಿ. ಐದು ನಿಮಿಷ ಕಾದರೂ ಇದರ ಹದ ಉಳಿಯುವುದಿಲ್ಲ.

ಒರೆಕಿಯೆಟ್ಟೆ

ಬಾರಿ ನಗರದ ಹಳೆಯ ಭಾಗದಲ್ಲಿ ಆರ್ಕೊ ಬಾಸ್ಸೊ ಎಂಬ ಕಮಾನಿನ ಕೆಳಗಿನ ಓಣಿಯಲ್ಲಿ ಹೆಂಗಸರು ಮನೆಬಾಗಿಲಲ್ಲೇ ಮರದ ಹಲಗೆ ಹಾಕಿಕೊಂಡು ಕುಳಿತು ಈ ಪಾಸ್ತಾ ಮಾಡುತ್ತಾರೆ, ಜಾಲರಿಯ ಚೌಕಟ್ಟುಗಳ ಮೇಲೆ ಹರಡಿ ಅಲ್ಲಿಯೇ ಒಣಗಿಸುತ್ತಾರೆ. ಹೆಸರಿನ ಅರ್ಥ ‘ಪುಟ್ಟ ಕಿವಿಗಳು’. ಮೊಟ್ಟೆ ಇಲ್ಲ, ಎಣ್ಣೆ ಇಲ್ಲ, ರವೆ ಮತ್ತು ನೀರು ಮಾತ್ರ. ಉತ್ತರ ಕರ್ನಾಟಕದ ಮನೆಗಳಲ್ಲಿ ಮದುವೆಗೆ ಮುನ್ನ ಗವಲಿ, ಶಾವಿಗೆ ಹೊಸೆಯುವುದನ್ನು ಕಂಡವರಿಗೆ ಆ ಓಣಿ ಅಪರಿಚಿತವೆನಿಸುವುದಿಲ್ಲ. ಒಬ್ಬ ಅಜ್ಜಿಯ ಕೈಯನ್ನೇ ನೋಡುತ್ತ ನಾನು ಬಹಳ ಹೊತ್ತು ನಿಂತಿದ್ದೆ: ಚಾಕುವಿನ ತುದಿ ಹಿಟ್ಟಿನ ತುಂಡನ್ನು ತನ್ನತ್ತ ಎಳೆಯುತ್ತಿತ್ತು, ಹೆಬ್ಬೆರಳು ಅದನ್ನು ಹಿಂದುಮುಂದಾಗಿ ಮಗುಚುತ್ತಿತ್ತು, ಎರಡೂ ಚಲನೆಗಳ ನಡುವೆ ಬಿಡುವೇ ಇರಲಿಲ್ಲ.

ಅಲ್ಲಿ ಬಳಸುವ ‘ಸೆಮೊಲಾ ರಿಮಚಿನಾತಾ’ ಎಂದರೆ ಮರಳಿ ಬೀಸಿದ ಡ್ಯೂರಮ್ ರವೆ. ನಮ್ಮ ಅಂಗಡಿಗಳ ಬನ್ಸಿ ರವೆ ಡ್ಯೂರಮ್ ಜಾತಿಯ ಗೋಧಿಯದೇ. ಅದನ್ನು ಮಿಕ್ಸಿಯಲ್ಲಿ ಎರಡು ಸುತ್ತು ಬೀಸಿ ಸಣ್ಣ ಜರಡಿಯಲ್ಲಿ ಸಾಣಿಸಿದರೆ ಸಾಕು. ಚಿರೋಟಿ ರವೆ ನುಣ್ಣಗಿರುವುದರಿಂದ ಕಲಸಲು ಸುಲಭವಾದರೂ ಅದರಲ್ಲಿ ಮಾಡಿದ ಪಾಸ್ತಾ ಬೇಗ ಮೆತ್ತಗಾಗುತ್ತದೆ. ಮೊದಲ ಸಲ ಕಲಿಯುವವರು ಎರಡನ್ನೂ ಸಮ ಬೆರೆಸಿಕೊಳ್ಳಬಹುದು.

ನಾಲ್ವರಿಗೆ 400 ಗ್ರಾಂ ರವೆಗೆ ಸುಮಾರು 200 ಮಿಲಿ ಲೀಟರ್ ಬೆಚ್ಚನೆಯ ನೀರು. ನೀರನ್ನು ಒಮ್ಮೆಗೇ ಸುರಿಯದೆ, ಹಿಟ್ಟು ಕುಡಿದಷ್ಟೇ ಹಾಕುತ್ತ ಹೋಗಿ. ಚಪಾತಿ ಹಿಟ್ಟಿಗಿಂತ ಬಹಳ ಗಟ್ಟಿ, ಪೂರಿ ಹಿಟ್ಟಿಗಿಂತಲೂ ತುಸು ಗಟ್ಟಿ ಇರಬೇಕು. ಅಂಗೈಯ ಬುಡದಿಂದ ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಬಳಿಕ ಕಿರುಬೆರಳಿನ ದಪ್ಪಕ್ಕೆ ಹಗ್ಗದಂತೆ ಹೊಸೆದು, 1 ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ. ಮೊಂಡ ಚಾಕುವಿನಿಂದ ಒಂದೊಂದನ್ನೇ ಒತ್ತಿ ನಿಮ್ಮ ಕಡೆಗೆ ಎಳೆದರೆ ಅದು ಕವಡೆಯಂತೆ ಸುರುಳಿಯಾಗುತ್ತದೆ. ಅದನ್ನು ಹೆಬ್ಬೆರಳಿನ ತುದಿಗೆ ಟೋಪಿಯಂತೆ ಮಗುಚಿದರೆ ಒರಟಾದ ಮೈ ಹೊರಗೆ ಬರುತ್ತದೆ. ಎಳೆಯಲು ಮರದ ಹಲಗೆಯೇ ಬೇಕು, ಗ್ರಾನೈಟ್ ಕಟ್ಟೆಯ ಮೇಲೆ ಹಿಟ್ಟು ಜಾರುತ್ತದೆ. ಮೊದಲ ಐವತ್ತು ಸರಿಯಾಗಿ ಬರುವುದಿಲ್ಲ. ಅವನ್ನೂ ಬೇಯಿಸಿ ತಿನ್ನಿ.

ಬಾರಿಯಲ್ಲಿ ಇದಕ್ಕೆ ಜೊತೆಯಾಗುವುದು ‘ಚಿಮೆ ದಿ ರಾಪಾ’ ಎಂಬ, ಟರ್ನಿಪ್ ಜಾತಿಗೆ ಸೇರಿದ ಕಹಿಮಿಶ್ರಿತ ಸೊಪ್ಪು. ನಮ್ಮಲ್ಲಿ ಅದು ಸಿಗುವುದು ಕಷ್ಟ. ಎಳೆಯ ಮೂಲಂಗಿ ಸೊಪ್ಪು ಎರಡು ಪಾಲು, ಸಾಸಿವೆ ಸೊಪ್ಪು ಒಂದು ಪಾಲು ಸೇರಿಸಿದಾಗ ಆ ಕಹಿಗೆ ನಾನು ತೀರ ಹತ್ತಿರ ಬಂದೆ. ಪಾಲಕ್ ಬಳಸಬೇಡಿ, ಅದರಲ್ಲಿ ಕಹಿಯಿಲ್ಲ. ಸೊಪ್ಪನ್ನು ಉಪ್ಪುನೀರಿನಲ್ಲಿ ಮೂರು ನಿಮಿಷ ಬೇಯಿಸಿ, ಅದೇ ನೀರಿಗೆ ಹಸಿ ಪಾಸ್ತಾ ಹಾಕಿ ಒಟ್ಟಿಗೆ ಬೇಯಲು ಬಿಡಿ. ಸೊಪ್ಪಿನ ರಸ ಪಾಸ್ತಾಕ್ಕೆ ಇಳಿಯುವುದೇ ಈ ಕ್ರಮದ ಗುಟ್ಟು. ಇನ್ನೊಂದು ಬಾಣಲೆಯಲ್ಲಿ ಆಲಿವ್ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ಅಲ್ಲಿಯವರು ಉಪ್ಪಿನಲ್ಲಿಟ್ಟ ಸಣ್ಣ ಮೀನನ್ನೂ ಇದರಲ್ಲಿ ಕರಗಿಸುತ್ತಾರೆ, ಬೇಡದವರು ಬಿಡಬಹುದು. ಇದನ್ನು ನಮ್ಮ ಒಗ್ಗರಣೆ ಎಂದುಕೊಳ್ಳಬೇಡಿ: ಬೆಳ್ಳುಳ್ಳಿ ಕೆಂಪಾದರೆ ಕೆಟ್ಟಿತು, ತಿಳಿಹಳದಿಯಲ್ಲೇ ನಿಲ್ಲಿಸಬೇಕು. ಪಾಸ್ತಾ ಮತ್ತು ಸೊಪ್ಪನ್ನು ಬಸಿದು ಇದಕ್ಕೆ ಸೇರಿಸಿ, ಒಂದು ಸೌಟು ಗಂಜಿನೀರಿನಲ್ಲಿ ತಿರುವಿ, ಮೇಲೆ ಎಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿಯನ್ನು ಉದುರಿಸಿ.

ಪೆಸ್ಟೊ

ಇದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಎಲೆಯ ವಿಷಯವೊಂದನ್ನು ಬಿಟ್ಟು. ಜೆನೋವಾದ ಪ್ರಾ ಎಂಬಲ್ಲಿ ಬೆಳೆಯುವ ಬೆಸಿಲ್‌ನ ಎಲೆ ಚಿಕ್ಕದು, ಎಳೆಯದು. ಮನೆಯಂಗಳದ ತುಳಸಿ ಇದಕ್ಕೆ ಆಗುವುದಿಲ್ಲ. ಅದು ಬೇರೆಯೇ ಪ್ರಭೇದ, ಲವಂಗದ ಘಾಟು ಎಲ್ಲವನ್ನೂ ನುಂಗುತ್ತದೆ. ಕಾಮಕಸ್ತೂರಿ ಮಾತ್ರ ಬೆಸಿಲ್‌ನದೇ ಪ್ರಭೇದಕ್ಕೆ ಸೇರಿದ್ದು, ಹೂಬಿಡುವ ಮುನ್ನ ಅದರ ಎಳೆಯ ಕುಡಿಗಳನ್ನು ಕಾಲುಭಾಗದಷ್ಟು ಬೆರೆಸಬಹುದು. 60 ಗ್ರಾಂ ಎಲೆಗೆ 30 ಗ್ರಾಂ ಪೈನ್ ಬೀಜ, 50 ಗ್ರಾಂ ಪಾರ್ಮಿಜಾನೊ, 25 ಗ್ರಾಂ ಪೆಕೊರಿನೊ, ಒಂದು ಎಸಳು ಬೆಳ್ಳುಳ್ಳಿ, ಸ್ವಲ್ಪ ಹರಳುಪ್ಪು, 70 ಮಿಲಿ ಲೀಟರ್ ಆಲಿವ್ ಎಣ್ಣೆ. ಪೈನ್ ಬೀಜ ದುಬಾರಿಯೆನಿಸಿದರೆ ಹುರಿಯದ ಗೋಡಂಬಿ ಆಗಬಹುದು. ಅಮೃತಶಿಲೆಯ ಒರಳಿನಲ್ಲಿ ಮರದ ಒನಕೆಯಿಂದ ಅರೆಯುವುದು ಅಲ್ಲಿಯ ಪದ್ಧತಿ. ನಮ್ಮ ಸಣ್ಣ ಕಲ್ಲಿನ ಒರಳೂ ಅದೇ ಕೆಲಸ ಮಾಡುತ್ತದೆ. ಮೊದಲು ಬೆಳ್ಳುಳ್ಳಿ ಮತ್ತು ಉಪ್ಪು, ನಂತರ ಬೀಜ, ಆಮೇಲೆ ಎಲೆ, ಚೀಸ್, ಕೊನೆಗೆ ಎಣ್ಣೆ. ಮಿಕ್ಸಿಯಾದರೆ ಜಾರನ್ನು ಮೊದಲೇ ಫ್ರಿಜ್ಜಿನಲ್ಲಿ ತಣ್ಣಗಾಗಿಸಿ, ಬಿಟ್ಟುಬಿಟ್ಟು ತಿರುಗಿಸಿ. ಕಾವು ತಗುಲಿದರೆ ಎಲೆ ಕಪ್ಪಾಗುತ್ತದೆ. ಇದನ್ನು ಒಲೆಯ ಮೇಲೆ ಬಿಸಿ ಮಾಡಲೇಬಾರದು, ಬಸಿದ ಪಾಸ್ತಾಕ್ಕೆ ಗಂಜಿನೀರಿನೊಡನೆ ಕಲಸಿದರೆ ಸಾಕು. ಪಾಸ್ತಾದ ನೀರಿನಲ್ಲೇ ಆಲೂಗಡ್ಡೆಯ ಹೋಳು ಮತ್ತು ಹುರುಳಿಕಾಯಿಯನ್ನು ಬೇಯಿಸಿ ಸೇರಿಸುವುದು ಜೆನೋವಾದವರ ರೂಢಿ, ಅದನ್ನು ಬಿಡಬೇಡಿ.

ಕೇಸರಿ ರಿಸೊಟ್ಟೊ

ಅಕ್ಕಿ ನಮಗೆ ಗೊತ್ತು ಎಂಬ ಭರವಸೆಯೇ ಇಲ್ಲಿ ಕನ್ನಡಿಗರಿಗೆ ಅಡ್ಡಿ. ನಾವು ಅಕ್ಕಿಯನ್ನು ತಿಳಿನೀರು ಬರುವವರೆಗೆ ತೊಳೆಯುತ್ತೇವೆ, ರಿಸೊಟ್ಟೊಗೆ ತೊಳೆಯಲೇಬಾರದು. ಕಾಳಿನ ಮೈಮೇಲಿನ ಪಿಷ್ಟವೇ ಕರಗಿ ಕೆನೆಯಾಗಬೇಕು. ಸೋನಾ ಮಸೂರಿಯಲ್ಲಿ ಎರಡು ಸಲ ಪ್ರಯತ್ನಿಸಿದ್ದೇನೆ. ಮೊದಲ ಸಲ ಅನ್ನ ಬಿಡಿಬಿಡಿಯಾಯಿತು, ಎರಡನೆಯ ಸಲ ಪೊಂಗಲಾಯಿತು. ಹೊರಗೆ ಕರಗಿ ಒಳಗೆ ಗಟ್ಟಿಯಾಗಿ ಉಳಿಯುವ ಗುಣ ಕಾರ್ನಾರೊಲಿ, ವಿಯಾಲೊನೆ ನಾನೊ, ಅರ್ಬೋರಿಯೊ ತಳಿಗಳದು. ಇವುಗಳಲ್ಲಿ ಅರ್ಬೋರಿಯೊ ನಮ್ಮ ದೊಡ್ಡ ಊರುಗಳಲ್ಲಿ ಸುಲಭವಾಗಿ ಸಿಗುತ್ತದೆ. ಕಾರ್ನಾರೊಲಿ ಸಿಕ್ಕರೆ ಅದನ್ನೇ ತನ್ನಿ, ಅದು ಕರಗಿಹೋಗುವ ಭಯ ಕಡಿಮೆ.

ಇಬ್ಬರಿಂದ ಮೂವರಿಗೆ 200 ಗ್ರಾಂ ಅಕ್ಕಿ. ತರಕಾರಿಯ ತಿಳಿಸಾರು ಒಂದು ಲೀಟರ್, ಪಕ್ಕದ ಒಲೆಯಲ್ಲಿ ಸದಾ ಸಣ್ಣಗೆ ಕುದಿಯುತ್ತಿರಲಿ. ಇದಕ್ಕೆ ಈರುಳ್ಳಿ, ಕ್ಯಾರೆಟ್, ಸೆಲರಿ ಮಾತ್ರ ಸಾಕು, ಮಸಾಲೆ ಬೇಡ. ಎರಡು ಚಿಟಿಕೆ ಕೇಸರಿ ಎಸಳನ್ನು ಬಿಸಿ ಸಾರಿನಲ್ಲಿ ಅರ್ಧ ಗಂಟೆ ನೆನೆಸಿಡಿ. ಮಿಲಾನ್‌ನಲ್ಲಿ ಇದಕ್ಕೆ ಮೂಳೆಯ ಮಜ್ಜೆಯನ್ನೂ ಹಾಕುತ್ತಾರೆ. ನಾನು ಬೆಣ್ಣೆಯೊಂದನ್ನೇ ಬಳಸುತ್ತೇನೆ, ಹಾಗೆ ಮಾಡುವ ಮನೆಗಳು ಅಲ್ಲಿಯೂ ಇವೆ.

20 ಗ್ರಾಂ ಬೆಣ್ಣೆಯಲ್ಲಿ ಅರ್ಧ ಈರುಳ್ಳಿಯನ್ನು ಬಣ್ಣ ಬದಲಾಗದಂತೆ ಬಾಡಿಸಿ. ಅಕ್ಕಿ ಹಾಕಿ, ಕಾಳನ್ನು ಅಂಗೈಯಲ್ಲಿ ಹಿಡಿದರೆ ಸುಡುವಷ್ಟು ಹುರಿಯಿರಿ. ಅರ್ಧ ಲೋಟ ಬಿಳಿ ವೈನ್ ಹಾಕಿ ಆವಿಯಾಗಲು ಬಿಡಿ. ವೈನ್ ಬೇಡದವರು ಕೊನೆಯಲ್ಲಿ ಅರ್ಧ ಚಮಚ ನಿಂಬೆರಸ ಸೇರಿಸಿದರೆ ಆ ಹುಳಿಯ ಸ್ಥಾನ ತುಂಬುತ್ತದೆ. ಬಳಿಕ ಅಕ್ಕಿ ಮುಳುಗುವಷ್ಟೇ ಸಾರು, ಅದು ಹೀರಿದಂತೆ ಮತ್ತೊಂದು ಸೌಟು, ಹೀಗೆ ಹದಿನಾರರಿಂದ ಹದಿನೆಂಟು ನಿಮಿಷ. ಎಡೆಬಿಡದೆ ತಿರುವಬೇಕಿಲ್ಲ, ತಳ ಹಿಡಿಯದಂತೆ ಆಗಾಗ ಕೈಯಾಡಿಸಿದರೆ ಸಾಕು. ಹತ್ತನೆಯ ನಿಮಿಷದ ನಂತರ ಕೇಸರಿಯ ನೀರು ಸುರಿಯಿರಿ, ಮೊದಲೇ ಹಾಕಿದರೆ ಪರಿಮಳ ಹಾರಿಹೋಗುತ್ತದೆ.

ಕಾಳಿನ ನಡುವೆ ಹಲ್ಲಿಗೆ ತುಸು ಗಟ್ಟಿ ಸಿಗುವಾಗಲೇ ಒಲೆ ಆರಿಸಿ, ಒಂದು ನಿಮಿಷ ಸುಮ್ಮನೆ ಬಿಡಿ. ಫ್ರಿಜ್ಜಿನಿಂದ ಆಗತಾನೆ ತೆಗೆದ 30 ಗ್ರಾಂ ಬೆಣ್ಣೆಯ ತುಂಡುಗಳನ್ನೂ 40 ಗ್ರಾಂ ತುರಿದ ಪಾರ್ಮಿಜಾನೊವನ್ನೂ ಹಾಕಿ ಜೋರಾಗಿ ಕಲಕಿ. ‘ಮಾಂತೆಕಾತುರಾ’ ಎನ್ನುವುದು ಇದಕ್ಕೇ. ಬೆಣ್ಣೆ ತಣ್ಣಗಿದ್ದರೆ ನಿಧಾನವಾಗಿ ಕರಗಿ ಪಿಷ್ಟದೊಡನೆ ಬೆರೆಯುತ್ತದೆ, ಬಿಸಿಯಾಗಿದ್ದರೆ ಎಣ್ಣೆಯಾಗಿ ತೇಲುತ್ತದೆ. ಹದ ಬಂದಿದೆಯೇ ಎಂದು ತಿಳಿಯಲು ಬಾಣಲೆಯನ್ನು ಓರೆ ಮಾಡಿ ಕುಲುಕಿ: ರಿಸೊಟ್ಟೊ ಅಲೆಯಂತೆ ಮಗುಚಬೇಕು, ಅದನ್ನು ಅಲ್ಲಿಯವರು ‘ಅಲ್ಲೊಂದಾ’ ಎನ್ನುತ್ತಾರೆ. ಚಪ್ಪಟೆ ತಟ್ಟೆಗೆ ಹಾಕಿ ತಳವನ್ನು ಅಂಗೈಯಿಂದ ತಟ್ಟಿದಾಗ ತಾನೇ ಹರಡಿಕೊಳ್ಳಬೇಕು. ಸೌಟಿನಲ್ಲಿ ಗುಡ್ಡೆಯಾಗಿ ನಿಂತರೆ ಒಂದು ಸೌಟು ಸಾರು ಕಡಿಮೆಯಾಗಿದೆ ಎಂದೇ ಅರ್ಥ.

ಮಿಕ್ಕಿದ್ದನ್ನು ಮರುದಿನ ಬಿಸಿ ಮಾಡಿ ತಿನ್ನಬೇಡಿ, ಹಿಂದಿನ ಹದ ಮರಳುವುದಿಲ್ಲ. ಮಿಲಾನ್‌ನ ಮನೆಗಳಲ್ಲಿ ಅದನ್ನು ‘ರೀಸೊ ಅಲ್ ಸಾಲ್ತೊ’ ಮಾಡುತ್ತಾರೆ. ತಣ್ಣಗಾದ ರಿಸೊಟ್ಟೊವನ್ನು ಬೆಣ್ಣೆ ಸವರಿದ ಕಾವಲಿಯ ಮೇಲೆ ಅಕ್ಕಿರೊಟ್ಟಿಯಂತೆ, ಅರ್ಧ ಬೆರಳಿನ ದಪ್ಪಕ್ಕೆ, ಒದ್ದೆ ಕೈಯಿಂದ ತಟ್ಟಿ. ನಡು ಉರಿಯಲ್ಲಿ ಏಳೆಂಟು ನಿಮಿಷ ಅಲುಗಾಡಿಸದೆ ಬಿಟ್ಟರೆ ಅಂಚು ಹೊಂಬಣ್ಣಕ್ಕೆ ತಿರುಗಿ ತಾನೇ ಕಾವಲಿಯನ್ನು ಬಿಡುತ್ತದೆ. ಆಗ ಮೇಲೊಂದು ತಟ್ಟೆ ಮುಚ್ಚಿ ಮಗುಚಿ, ಕಾವಲಿಗೆ ಮತ್ತಷ್ಟು ಬೆಣ್ಣೆ ಹಾಕಿ, ಇನ್ನೊಂದು ಮಗ್ಗುಲನ್ನು ಅಷ್ಟೇ ಹೊತ್ತು ಬೇಯಿಸಿ.